ಬೆನ್ನು ಗೀರಿದ ಕಾಸು

"ಇದಕ್ಕೆ ಮನುಷ್ಯರ ಮೈಯ ಜಿಡ್ಡು ಸೋಕಬಾರ್ದು ಮಾಸ್. ಯಾರದ್ದೂ ಸೋಕಬಾರ್ದು. ಅದಕ್ಕೇ ನಿಮ್ಮಂಥೋರನ್ನ ಹುಡುಕ್ಕೊಂಡು ಬಂದೆ."

ಸಕಿಯೆಮ್ ಎಂಬ ಆ ಮುದುಕಿ ಬಿಸ್ಕತ್ತಿನ ತಗಡಿನ ಡಬ್ಬವನ್ನು ದಾಮರನ ಮೇಜಿನ ಮೇಲಿಟ್ಟು ಹಿಂದೆ ಸರಿದು ನಿಂತಳು. ಜಾವಾದಲ್ಲಿ ಅಣ್ಣನನ್ನೂ ಗಂಡನನ್ನೂ ಪರಿಚಯವಿಲ್ಲದ ಯುವಕನನ್ನೂ ಮಾಸ್ ಎಂದೇ ಕರೆಯುತ್ತಾರೆ. ಡಬ್ಬದೊಳಗೆ ಒಣಗಿದ ಬಾಳೆಎಲೆ, ಎಲೆಯೊಳಗೆ ಒಂದು ಬೆಂಗೋಲ್. ಡಚ್ಚರ ಕಾಲದ ಈ ದಪ್ಪ ತಾಮ್ರದ ಕಾಸನ್ನು ನೋಡದವರು ಜಾವಾದಲ್ಲಿ ಯಾರಿದ್ದಾರೆ? ಮೈಗೆ ಗಾಳಿ ಹೊಕ್ಕಿತು, ತಲೆಭಾರ, ಹೊಟ್ಟೆಯುಬ್ಬರ ಎಂದರೆ ಸಾಕು, ಮನೆಯವರು ಬೆನ್ನಿಗೆ ಎಣ್ಣೆ ಸವರಿ ಬೆಂಗೋಲಿನ ಅಂಚಿನಿಂದ ಕೆಂಪು ಬರೆ ಏಳುವ ತನಕ ಗೀರುತ್ತಾರೆ. ಡರ್ರೆಂದು ತೇಗು ಬಂದರೆ ಗಾಳಿ ಹೊರಟಿತು ಎಂದು ಸಮಾಧಾನ. ಈ ಬೆಂಗೋಲಿನ ಅಂಚು ಗೀರಿ ಗೀರಿ ಸವೆದಿತ್ತು. ಆದರೆ ಮುಖದ ಮೇಲಿನ ಸಿಂಹ ಹಾಗೇ ಎದ್ದು ನಿಂತಿತ್ತು, ಕೆಳಗಿದ್ದ ವರ್ಷವನ್ನು ಕಂಡು ದಾಮರ್ ಕುರ್ಚಿ ಬಿಟ್ಟು ಎದ್ದ. ಆ ವರ್ಷದ್ದು ಸಿಕ್ಕುವುದೇ ಅಪರೂಪ.

ಸೆಮಾರಾಂಗಿನಲ್ಲಿ ಮೊಬೈಲ್ ಕವರು ಮಾರುತ್ತಿದ್ದ ದಾಮರ್ ಹಳೆಯ ನಾಣ್ಯಗಳ ವ್ಯಾಪಾರಕ್ಕೆ ಇಳಿದದ್ದು ಮೊನ್ನೆಮೊನ್ನೆ. ಸುರಬಾಯದ ಈ ನಾಣ್ಯ ಮೇಳದಲ್ಲಿ ಹೇಗೋ ಕಾಡಿಬೇಡಿ ಹೊರದೇಶದ ವ್ಯಾಪಾರಿಗಳ ಸಾಲಿನಲ್ಲೇ ಒಂದು ಮೇಜು ಹಿಡಿದಿದ್ದ. ಅವರ ಮುಂದೆ ಇಡುವಂಥದ್ದು ಒಂದೂ ಅವನ ಬಳಿ ಇರಲಿಲ್ಲ. ಈಗ ಇತ್ತು.

"ಜಿಡ್ಡು ಸೋಕಿದ್ರೆ ಏನಾಗುತ್ತಜ್ಜಿ? ಕಚ್ಚುತ್ತಾ?"

"ಎಚ್ಚರ ಆಗುತ್ತೆ." ಮುದುಕಿ ದನಿ ತಗ್ಗಿಸಿದಳು. "ನಮ್ಮಮ್ಮ ಮಾಟದೋಳು. ದುಡ್ಡಿದ್ದೋರ ಮನೇಲಿ ಯಾರಾದ್ರೂ ಸಾಯೋ ಹಾಗೆ ಮಲಗಿದ್ರೆ ಅಮ್ಮನ್ನ ಕರೆಸೋರು. ಧಣಿ ಮುಖದ ಜಿಡ್ಡು ಇದಕ್ಕೆ ಸವರಿ, ಮಂತ್ರ ಹಾಕಿ, ಕೆಲಸದೋಳ ಕೈಗೆ ಕೊಡೋಳು. ಗೀರಮ್ಮಾ ನಿಮ್ಮ ಧಣಿ ಬೆನ್ನ ಅಂತ. ಧಣಿ ಎದ್ದು ಕೂತು ಅನ್ನ ಕೇಳೋನು. ಗೀರಿದೋಳು ಮಲಗೋಳು. ಗೀರಿಸ್ಕೊಂಡೋರದ್ದು ಗೀರಿದೋರಿಗೆ. ಹಾಗೆ ಹೋದೋರದ್ದೆಲ್ಲ ಇದರೊಳಗೇ ಇದೆ. ತನ್ನ ಜಿಡ್ಡು ಸವರಿದೋರಿಗೆ ಅಂಟುತ್ತೆ."

"ನಿಮ್ಮಮ್ಮ?"

"ಕೊನೇಗೆ ಅವಳಿಗೇ ಅಂಟ್ತು. ಗೀರೇ, ಒಂದೇ ಒಂದ್ಸಲ ಗೀರೇ ಅಂತ ನನ್ನ ಕಾಲು ಹಿಡ್ಕೊಂಡ್ಳು. ನಾನು ಗೀರ್ಲಿಲ್ಲ."

"ಹೆತ್ತ ತಾಯಿಗಾ? ಥೂ! ಎಂಥಾ ಮಗಳಜ್ಜಿ ನೀನು!"

ಮುದುಕಿ ಮುಖ ತಗ್ಗಿಸಲಿಲ್ಲ. "ಎಂಥಾ ಮಗಳೋ. ಎಸೆದ್ರೆ ಯಾರೋ ಎತ್ಕೊಂಡು ಬೆನ್ನು ಗೀರೋಕೆ ಇಟ್ಕೋತಾರೆ. ಕರಗಿಸಿದ್ರೆ ಹೊಗೆ ಯಾರ ಮೂಗಿಗೆ ಹೋಗುತ್ತೋ. ನೀವಾದ್ರೆ ಅಂಚು ಮಾತ್ರ ಹಿಡೀತೀರಿ, ಪ್ಲಾಸ್ಟಿಕ್‌ನಲ್ಲಿ ಮುಚ್ತೀರಿ, ಮುಟ್ಟೋಕೆ ಬಂದೋರನ್ನ ಬೈತೀರಿ. ದುಡ್ಡು ಬೇಡ. ಮುಚ್ಚಿಡ್ತೀನಿ ಅಂತ ಮಾತು ಕೊಡಿ, ಸಾಕು. ಸಂಜೆ ಬಸ್ಸಿನ ತನಕ ಹಿಂದಿನ ಮೆಟ್ಟಿಲ ಮೇಲೆ ಕೂತಿರ್ತೀನಿ."

ದಾಮರ್ ಮಾತು ಕೊಟ್ಟ. ಮೊಬೈಲ್ ಕವರಿಗೆ ವಾರಂಟಿ ಕೊಟ್ಟಷ್ಟೇ ಸಲೀಸಾಗಿ ಕೊಟ್ಟ.

ಭೂತಗನ್ನಡಿ ಹಿಡಿದು ನೋಡಿದಾಗ ಮುಖ ಬಾಡಿತು. ಸಿಂಹದ ಮೈಮೇಲೆಲ್ಲ ಕೂದಲೆಳೆಯಂಥ ಸಣ್ಣ ಗೀಚುಗಳು. ಮೇಳಕ್ಕೆ ಬಂದಿದ್ದ ಬ್ಯಾಂಕಾಕಿನ ದೊಡ್ಡ ವ್ಯಾಪಾರಿ ಪ್ರಸಿತ್ ಇಂಥದ್ದನ್ನು ಎರಡನೇ ಸಲ ನೋಡುವವನಲ್ಲ. ಗೀಚು ಮರೆಸಲು ಒಂದು ಹಳೆಯ ಕಳ್ಳದಾರಿ ಈ ವ್ಯಾಪಾರದಲ್ಲಿದೆ. ಎಲ್ಲರಿಗೂ ಗೊತ್ತು, ಯಾರೂ ಒಪ್ಪಿಕೊಳ್ಳುವುದಿಲ್ಲ. ದಾಮರ್ ಅತ್ತಿತ್ತ ನೋಡಿ, ಹೆಬ್ಬೆರಳನ್ನು ಮೂಗಿನ ಹೊಳ್ಳೆಯ ಪಕ್ಕಕ್ಕೆ ಒತ್ತಿ ಉಜ್ಜಿ, ಅಲ್ಲಿ ಬೆಳಗಿನಿಂದ ಮಡುಗಟ್ಟಿದ್ದ ಜಿಡ್ಡನ್ನೆಲ್ಲ ಬಳಿದುಕೊಂಡ.

"ಅಯ್ಯೋ, ಮೂಗಿನ ಜಿಡ್ಡಾ!" ಪಕ್ಕದ ಮೇಜಿನ ಕೋ ಬಿಂಗ್ ಮುಖ ಕಿವುಚಿದ. ಹಣ್ಣುಹಣ್ಣಾದ ಚೀನೀ ವ್ಯಾಪಾರಿ, ಮುದುಕಿಯ ಮಾತಿಗೆ ಆಗಲೇ ಕಿವಿಗೊಟ್ಟಿದ್ದ. "ಆ ಹೆಂಗಸಿಗೆ ಈಗಷ್ಟೇ ಏನಂದೆ ನೀನು?"

"ಮುಚ್ಚಿಡ್ತೀನಿ ಕೋ. ಮುಚ್ಚೋಕೆ ಮುಂಚೆ ಸ್ವಲ್ಪ ಸಿಂಗಾರ."

"ಬೇಡ ಮಾರಾಯ. ನಾನೇನೂ ಮಾಟ ನಂಬೋನಲ್ಲ. ಆದ್ರೂ ಬೇಡ."

"ನಂಬಲ್ಲ, ಆದ್ರೂ ಬೇಡ! ಹಾಗೇ ಹೆದ್ರಿ ಹೆದ್ರಿ ನೀವು ಮೂವತ್ತು ವರ್ಷದಿಂದ ಇದೇ ಮೇಜಲ್ಲಿ ಕೂತಿರೋದು."

ಹೆಬ್ಬೆರಳು ಸಿಂಹದ ಮೇಲೆ ಸುತ್ತಿತು. ಗೀಚುಗಳು ಮಾಯ. ತಾಮ್ರ ಕಡುಗಂದಾಗಿ ಮಿಂಚಿತು. ಜಿಡ್ಡು ಮೇಲೆ ನಿಲ್ಲದೆ ಒಳಗಿಳಿದು ಹೋದದ್ದನ್ನು ದಾಮರ್ ಗಮನಿಸಲಿಲ್ಲ. ಪ್ಲಾಸ್ಟಿಕ್ ಕಿಟಕಿಯಿದ್ದ ರಟ್ಟಿನ ಚೌಕದಲ್ಲಿ ಅದನ್ನಿಟ್ಟು ನಾಲ್ಕು ಕಡೆ ಪಿನ್ನು ಹೊಡೆದ.

ಪ್ರಸಿತ್ ತಾನಾಗಿಯೇ ಬಂದ. ಹೊಟ್ಟೆ ಮುಂದೆ, ಕನ್ನಡಕ ಹಣೆಯ ಮೇಲೆ.

"ಎಲ್ಲಿ ಸಿಕ್ಕಿತಪ್ಪಾ ಇದು? ಜಾವಾದ ಅಜ್ಜಿಯರೆಲ್ಲ ಬೆಂಗೋಲಿನಲ್ಲಿ ಗಂಡಂದಿರ ಚರ್ಮ ಸುಲಿದು ಹಾಳು ಮಾಡಿಟ್ಟಿದ್ದಾರೆ. ಮುಖ ಉಳಿದಿರೋದು ನಾನು ನೋಡೇ ಇಲ್ಲ."

"ಹಳೇ ಮನೆತನದ್ದು. ಯಾರೂ ಮುಟ್ಟಿಲ್ಲ, ತೊಳೆದಿಲ್ಲ."

"ತೊಳೆದಿಲ್ಲ ಅನ್ನೋರನ್ನ ದಿನಾ ನೋಡ್ತೀನಿ." ಪ್ರಸಿತ್ ನಕ್ಕು ಚೌಕವನ್ನು ಬೆಳಕಿಗೆ ಹಿಡಿದ. ಎದುರು ಮೇಜಿನ ಡಚ್ಚನನ್ನೂ ಕೈಬೀಸಿ ಕರೆದ. "ಇದು ನಿಜವಾದ್ದೇ ಆದ್ರೆ ಮುಂದಿನ ಮೇಳಕ್ಕೆ ಬ್ಯಾಂಕಾಕಿಗೆ ಬಾ. ನನ್ನ ಪಕ್ಕದಲ್ಲೇ ಮೇಜು ಹಾಕಿಸ್ತೀನಿ."

ಇದೊಂದು ಮಾತಿಗಾಗಿ ದಾಮರ್ ಏನು ಬೇಕಾದರೂ ಮಾಡುತ್ತಿದ್ದ. ಉತ್ತರ ಹೇಳಲು ಬಾಯಿ ತೆರೆದ. ಹೊರಬಂದದ್ದು ತೇಗು.

ಅದು ಉಂಡ ತೇಗಲ್ಲ. ಉದ್ದಕ್ಕೆ, ಒದ್ದೆಯಾಗಿ, ಹೊಟ್ಟೆಯ ತಳದಿಂದ ಕೆಸರು ಕದಡಿದಂತೆ ಬಂತು. ಜೊತೆಗೆ ವಾಸನೆ. ಕಮಟು ಹಿಡಿದ ಕೊಬ್ಬರಿ ಎಣ್ಣೆ, ಕೊಳೆತ ಈರುಳ್ಳಿ, ಬಹಳ ದಿನ ಹಾಸಿಗೆ ಹಿಡಿದವರ ಬೆನ್ನಹುಣ್ಣು, ಎಲ್ಲ ಒಟ್ಟಿಗೆ. ಡಚ್ಚ ಕರ್ಚೀಫು ತೆಗೆದ. ಪ್ರಸಿತ್ ತನ್ನ ಬೆರಳು ನೋಡಿಕೊಂಡ. ಪಿನ್ನು ಹೊಡೆದ ಚೌಕದ ಅಂಚಿನಿಂದ ಕಪ್ಪು ಎಣ್ಣೆ ಒಸರುತ್ತಿತ್ತು.

"ನಮ್ಮೂರಲ್ಲಿ ಜೂಜುಕೋರರು ಹೆಣದ ಬಾಯಲ್ಲಿಟ್ಟ ಕಾಸು ತಂದು ತಾಯತ ಕಟ್ಕೋತಾರೆ," ಎಂದ ಪ್ರಸಿತ್ ಮೆಲ್ಲಗೆ, ಚೌಕವನ್ನು ಮೇಜಿಗೆ ಹಾಕುತ್ತ. "ಅದೂ ಹೀಗೆ ನಾರಲ್ಲ." ಅವನು ಬೆರಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ, ಒರೆಸಿಕೊಳ್ಳುತ್ತಲೇ ಹೋದ.

ಕೋ ಬಿಂಗ್ ತನ್ನ ಕುರ್ಚಿಯನ್ನು ದೂರ ಎಳೆದುಕೊಂಡ. ದಾಮರ್ ಚೌಕವನ್ನು ಜೇಬಿಗೆ ತುರುಕಿ, ಚೀಲ ಎತ್ತಿಕೊಂಡು ಎದ್ದ.

ಶೌಚಾಲಯದ ಕನ್ನಡಿಯ ಮುಂದೆ ದಾಮರ್ ಅಂಗಿ ಎತ್ತಿ ತಿರುಗಿ ನೋಡಿದ. ಬೆನ್ನುಹುರಿಯ ಎರಡೂ ಕಡೆ ಮೀನಿನ ಮುಳ್ಳಿನಂತೆ ಕೆಂಪು ಬರೆಗಳು. ಯಾರೂ ಗೀರಿರಲಿಲ್ಲ. ನೋಡುತ್ತಿದ್ದಂತೆ ಇನ್ನೊಂದು ಎದ್ದಿತು. ಒಳಗಿನಿಂದ ಯಾರೋ ಉಗುರಿನಲ್ಲಿ ಎಳೆದ ಹಾಗೆ, ನಿಧಾನವಾಗಿ, ಹೆಗಲಿನಿಂದ ಪಕ್ಕೆಯವರೆಗೆ. ಬರೆಯಿಂದ ನೀರಿನಂಥದ್ದು ಜಿನುಗಿ ಸೊಂಟಕ್ಕೆ ಇಳಿಯಿತು. ಮುಟ್ಟಿದ. ಜಿಡ್ಡು. ಅವನು ವಾಂತಿ ಮಾಡಿಕೊಂಡ. ವಾಂತಿಯ ಮೇಲೂ ಎಣ್ಣೆ ತೇಲುತ್ತಿತ್ತು.

ಹಿಂದಿನ ಮೆಟ್ಟಿಲಿಳಿದರೆ ಗಲ್ಲಿ. ಗಲ್ಲಿಯ ಆಚೆ ಬದಿಗೆ ಅವನು ಹೆಂಡತಿ ಪಲುಪಿಯೊಂದಿಗೆ ಇಳಿದುಕೊಂಡಿದ್ದ ವಸತಿಗೃಹ. ಮೆಟ್ಟಿಲ ಮೇಲೆ ಕೂತಿದ್ದ ಸಕಿಯೆಮ್ ಅವನ ವಾಸನೆ ಹಿಡಿದೇ ತಲೆಯೆತ್ತಿದಳು.

"ಹಚ್ಚಿಬಿಟ್ರಾ?"

ಅವನಿಗೆ ಬೈದುಬಿಡಬೇಕು ಎನಿಸಿತು, ಆದರೆ ತೇಗು ಬಂತು. ಮುದುಕಿ ಕಾಲು ಒಳಕ್ಕೆಳೆದುಕೊಂಡು ದಾರಿ ಬಿಟ್ಟಳು. "ಯಾರ ಕೈಲೂ ಗೀರಿಸ್ಕೋಬೇಡಿ ಮಾಸ್!" ಎಂದು ಹಿಂದಿನಿಂದ ಕೂಗಿದಳು.

ಪಲುಪಿ ಬಾಗಿಲು ತೆರೆದವಳೇ ಅವನ ಹಣೆ ಮುಟ್ಟಿದಳು. "ಅಯ್ಯೋ ಮಾಸ್, ಕೆಂಡ ಆಗಿದೀರಲ್ಲ! ಆ ಏಸಿ ಕೆಳಗೆ ಖಾಲಿ ಹೊಟ್ಟೇಲಿ ಕೂತಿದ್ರಿ, ಗಾಳಿ ಹೊಕ್ಕದೆ ಇನ್ನೇನಾಗುತ್ತೆ? ಬೋರಲಾಗಿ ಮಲಗಿ."

ಬೇಡ ಎನ್ನಬೇಕೆಂದಿದ್ದ. ನಾಲಿಗೆ ತಾಮ್ರದ ರುಚಿ ಹಿಡಿದು ಅಂಗುಳಿಗೆ ಅಂಟಿತ್ತು. ಹಾಸಿಗೆಗೆ ಬಿದ್ದ. ಹೊರಗೆ ಮೋಡ ಕವಿದು ಕರೆಂಟು ಹೋಯಿತು. ಕೋಣೆ ಕತ್ತಲಾಯಿತು, ಅವನೂ ಕತ್ತಲಿಗೆ ಜಾರಿದ.

ಎಚ್ಚರವಾದಾಗ ಎಂಥ ಸುಖ! ಮೈ ಹತ್ತಿಯಷ್ಟು ಹಗುರ. ಬೆನ್ನು ತಂಪು. ಮೂಗಿಗೆ ಆ ನಾತವಿಲ್ಲ. ಕೆಳಗಿನ ಗಲ್ಲಿಯಲ್ಲಿ ಯಾರೋ ಕೆಂಡದ ಮೇಲೆ ಕಡ್ಡಿಗೆ ಚುಚ್ಚಿದ ಮಾಂಸದ ಸಾತೆ ಸುಡುತ್ತಿದ್ದರು, ಆ ಹೊಗೆಗೆ ಬಾಯಲ್ಲಿ ನೀರೂರಿತು. ಬೆನ್ನ ಮೇಲೆ ಪಲುಪಿಯ ಪರಿಚಿತ ಕೈ, ಮೇಲಿನಿಂದ ಕೆಳಕ್ಕೆ, ಹದವಾಗಿ.

"ಹೇಗಿದೆ ಈಗ?" ಎಂದಳು. ದನಿ ದಪ್ಪವಾಗಿತ್ತು. "ನಿಮ್ಮ ಜೇಬಲ್ಲೇ ಬೆಂಗೋಲ್ ಇತ್ತು. ನಮ್ಮಜ್ಜಿ ಹತ್ರ ಇತ್ತಲ್ಲ, ಅಂಥದ್ದೇ. ನಿಮ್ಮ ವ್ಯಾಪಾರದಿಂದ ಒಂದಾದ್ರೂ ಉಪಯೋಗಕ್ಕೆ ಬಂತು ನೋಡಿ."

ಆಮೇಲೆ ಅವಳು ತೇಗಿದಳು.

ದಾಮರ್ ಧಡಕ್ಕನೆ ತಿರುಗಿದ.

ಕಿಟಕಿಯ ಮಂಕು ಬೆಳಕಿನಲ್ಲಿ ಪಲುಪಿ ಮಂಡಿಯೂರಿ ಕೂತಿದ್ದಳು. ಬಾಯಿ ಅರ್ಧ ತೆರೆದಿತ್ತು. ಗಲ್ಲದಿಂದ ಕಪ್ಪು ಎಣ್ಣೆ ಎಳೆಎಳೆಯಾಗಿ ಇಳಿಯುತ್ತಿತ್ತು. ಬೆರಳುಗಳ ನಡುವೆ ಆ ಕಾಸು. ಇನ್ನೊಮ್ಮೆ ತೇಗಿದಳು, ಕೋಣೆ ತುಂಬ ಆ ನಾತ. ಆ ತೇಗಿನೊಳಗೆ ಎಷ್ಟೋ ಹೆಂಗಸರ ನರಳಿಕೆ. ಧಣಿಗಳ ಬೆನ್ನು ಗೀರಿ ಮಲಗಿದವರದ್ದು.

"ಏನೋ ಆಗ್ತಿದೆ ಮಾಸ್." ಅವಳು ಹೆದರಿದ್ದಳು. ಕುಪ್ಪಸದ ಹಿಂಬದಿ ಆಗಲೇ ಒದ್ದೆಯಾಗಿ ಅಂಟಿಕೊಂಡಿತ್ತು. "ಬೆನ್ನು ಉರೀತಿದೆ. ನಿಮ್ಮ ಗಾಳಿ ನಂಗೆ ಹೊಕ್ಕಿತೋ ಏನೋ. ಗೀರಿ. ಒಂದೇ ಒಂದ್ಸಲ ಗೀರಿ."

ಅವಳು ಕಾಸನ್ನು ಅವನ ಅಂಗೈಗೆ ಹಾಕಿ ಬೋರಲಾಗಿ ಮಲಗಿ, ಕುಪ್ಪಸ ಮೇಲೆತ್ತಿ, ಜಡೆಯನ್ನು ಪಕ್ಕಕ್ಕೆ ಸರಿಸಿದಳು. ಕಾಯುತ್ತ ಮಲಗಿದಳು.

ಗೀರಿದರೆ ಮುಗಿಯಿತು. ಅವಳು ಎದ್ದು ಕೂರುತ್ತಾಳೆ. ಅನ್ನ ಕೇಳುತ್ತಾಳೆ.

ದಾಮರ್ ಅವಳ ಪಕ್ಕ ಕೂತ. ಬರೆಗಳು ಏಳುತ್ತಿದ್ದವು. ಕೈ ಮುಂದೆ ಚಾಚಿದ. ಬರೆಯ ತುದಿ ಒಡೆಯಿತು. ಹಳದಿ ನೀರು. ನಾತ. ಇನ್ನೊಂದು ಬೆರಳಷ್ಟು ದೂರ. ಶೌಚಾಲಯದ ಕನ್ನಡಿ ಕಣ್ಣ ಮುಂದೆ ಬಂತು. ಒಳಗಿನಿಂದ ಎಳೆದ ಆ ಉಗುರು. ಬೇಡ. ಮತ್ತೆ ಬೇಡ.

"ಮಾಸ್? ಗೀರಿ..."

ಅವನಿಗೇ ತಿಳಿಯದಂತೆ ಬೆರಳುಗಳು ಜಾಗ ಬದಲಿಸಿದವು. ಹೆಬ್ಬೆರಳು, ತೋರುಬೆರಳು, ಅಂಚು ಮಾತ್ರ. ಕಲಿತ ವಿದ್ಯೆ. ಮುಖ ಎಲ್ಲಿಯೂ ಸೋಕದಂತೆ ಎತ್ತಿ, ದಿಂಬಿನ ಪಕ್ಕ ಬಿದ್ದಿದ್ದ ರಟ್ಟಿನ ಚೌಕದಲ್ಲಿಟ್ಟ. ಮುಚ್ಚಿದ. ಚೀಲದಿಂದ ಪಿನ್ನಿನ ಯಂತ್ರ ತೆಗೆದು ಹೊಡೆದ. ಆ ಟಕ್ಕೆಂಬ ಸದ್ದಿಗೆ ಪಲುಪಿ ಕತ್ತು ತಿರುಗಿಸಿ ನೋಡಿದಳು. ಈ ವ್ಯಾಪಾರದ ಸದ್ದುಗಳೆಲ್ಲ ಅವಳಿಗೆ ಗೊತ್ತು.

"ಡಾಕ್ಟರನ್ನ ಕರ್ಕೊಂಡು ಬರ್ತೀನಿ," ಎಂದ.

ಅವಳು ಕುಪ್ಪಸ ಕೆಳಗಿಳಿಸಿದಳು. ಅಷ್ಟು ಹೊತ್ತೂ ಅವನನ್ನೇ ನೋಡುತ್ತಿದ್ದಳು.

ಗಲ್ಲಿಗಿಳಿದವನ ಹೊಟ್ಟೆ ಹಸಿವಿನಿಂದ ಚುರುಗುಟ್ಟಿತು. ಸಾತೆಯ ಹೊಗೆ ಎಷ್ಟು ಘಮಘಮ! ಹೆಂಡತಿ ಮೇಲೆ ಕೊಳೆಯುತ್ತಿದ್ದಾಳೆ, ಇವನಿಗೆ ಹಸಿವು. ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಆ ಕಾಸಿನ ನಾತಕ್ಕೂ ಇಷ್ಟು ಹೇಸಿಗೆಯಾಗಿರಲಿಲ್ಲ. ಡಾಕ್ಟರು ಎಲ್ಲಿದ್ದಾರೆಂದು ಅವನು ಯಾರನ್ನೂ ಕೇಳಲಿಲ್ಲ. ಡಾಕ್ಟರಿಂದ ಏನೂ ಆಗದೆಂದು ಅವನಿಗೆ ಗೊತ್ತಿತ್ತು, ಏನು ಮಾಡಿದರೆ ಆಗುತ್ತದೆಂಬುದೂ ಗೊತ್ತಿತ್ತು.

ಮೆಟ್ಟಿಲ ಮೇಲೆ ಸಕಿಯೆಮ್ ಗಂಟು ಕಟ್ಟಿಕೊಂಡು ಕೂತಿದ್ದಳು. ಅವನ ಮುಖ ನೋಡಿದಳು, ಕೈಯಲ್ಲಿದ್ದ ಚೌಕ ನೋಡಿದಳು, ಗಾಳಿಯನ್ನು ಮೂಸಿದಳು. ಅವನಿಂದ ಯಾವ ವಾಸನೆಯೂ ಬರುತ್ತಿರಲಿಲ್ಲ.

"ಯಾರು?" ಎಂದಳು.

"ಹೆಂಡ್ತಿ."

ಎದುರಿನ ಮಹಡಿಯ ತೆರೆದ ಕಿಟಕಿಯಿಂದ ಉದ್ದನೆಯ ತೇಗೊಂದು ಕೇಳಿತು. ಆಮೇಲೆ ಅವನ ಹೆಸರು ಹಿಡಿದು ಕರೆದದ್ದು. ಸಾತೆಯವನು ಬೀಸಣಿಗೆ ನಿಲ್ಲಿಸಿ ತಲೆಯೆತ್ತಿ ನೋಡಿದ.

ಎಂಥಾ ಗಂಡ ನೀನು ಎಂದು ಮುದುಕಿ ಕೇಳಲಿಲ್ಲ. ಗಂಟನ್ನು ಮಡಿಲಿಗೆ ಎಳೆದುಕೊಂಡು, ಸ್ವಲ್ಪ ಪಕ್ಕಕ್ಕೆ ಸರಿದು, ಅವನಿಗೆ ಕೂರಲು ಜಾಗ ಮಾಡಿಕೊಟ್ಟಳು.