ಜೈಲರ್ ಕೊಟ್ಟ ಟೀ

ಚಮಚದ ಹಿಡಿಯನ್ನು ಸಿಮೆಂಟಿಗೆ ಉಜ್ಜಿ ಉಜ್ಜಿ ಚೂಪು ಮಾಡಿದ್ದ. ಅದೀಗ ನನ್ನ ಕುತ್ತಿಗೆಯ ಮೇಲಿತ್ತು!

ಜೈಲಿನ ಸ್ನಾನದ ಮನೆ. ಕ್ಯಾಮೆರಾ ಇಲ್ಲ. ಇಡೀ ಬ್ಯಾರಕ್ಕಿಗೆ ಒಬ್ಬನೇ ವಾರ್ಡರ್, ಅವನೂ ಆಚೆ ತುದಿಯಲ್ಲಿ. ನನ್ನ ಬೆನ್ನ ಹಿಂದೆ ಒಬ್ಬ ಹುಡುಗ ಅವಿತಿದ್ದ. ಅವನನ್ನು ಉಳಿಸಿಕೊಡಿ ಎಂದು ಅವನ ಅಕ್ಕ ನನ್ನನ್ನು ಗೊತ್ತುಮಾಡಿದ್ದಳು.

ಮೊದಲ ಸಲ ಜೈಲು. ಕಡ್ಡಿಯಂಥ ಮೈ. ಒಳಗೆ ಗುರುತಿನವರು ಯಾರೂ ಇಲ್ಲ... ಇಂಥವರೇ ಮೊದಲು ಸಾಯುವುದು. ಬೇರೊಂದು ಜೈಲಿನಲ್ಲಿ ನಾನೂ ವಾರ್ಡರ್ ಆಗಿದ್ದವನು, ಗೊತ್ತು. ಆ ಹಳೆಯ ಪರಿಚಯದ ಮೇಲೇ ಇಲ್ಲಿನ ಜೈಲರ್ ನನ್ನನ್ನು ಒಳಗೆ ಬಿಟ್ಟಿದ್ದರು.

"ಯಾರೋ ನೀನು?" ಎಂದ ಚಮಚ ಹಿಡಿದಿದ್ದ ಕೊಕ್ಕೆ. ಬ್ಯಾರಕ್ಕಿನ ದಾದಾ.

"ಪೊಲೀಸ್!" ಬಾಯಿಗೆ ಬಂದದ್ದು ಹೇಳಿದೆ.

"ಹಾಗಾದ್ರೆ ಅನುಮಾನವೇ ಇಲ್ಲ. ಈ ಹುಡುಗ ದಿನಾ ಜೈಲರ್ ರೂಮಲ್ಲಿ ಟೀ ಕುಡೀತಾನೆ. ಪುಕ್ಕಟೆ ಕೊಡ್ತಾರಾ? ನಮ್ ಸುದ್ದಿ ಊದ್ತಾನೆ!"

ಮೊಣಕಾಲಿನಿಂದ ಅವನ ಹೊಟ್ಟೆಗೆ ಕೊಟ್ಟೆ. ಹುಡುಗನ ಕಾಲರ್ ಹಿಡಿದು ಓಡಿದೆ. ನೇರ ಜೈಲರ್ ರೂಮಿಗೆ.

"ಇವನಿಗೆ ಟೀ ಯಾಕೆ ಸಾರ್?"

"ಇವರಕ್ಕ ಅತ್ಕೊಂಡು ಕೇಳ್ಕೊಂಡ್ರು. ಅದಕ್ಕೇ ದಿನಾ ಕರೆಸಿ ವಿಚಾರಿಸ್ತೀನಿ." ಜೈಲರ್ ಒಳ್ಳೆಯ ಮನುಷ್ಯ. ಅದೇ ನೋಡಿ ಕರ್ಮ!

"ಬೇರೆ ಕಡೆ ಹಾಕಿ."

"ಎಲ್ಲಿ? ಮಲಗೋಕೇ ಜಾಗ ಇಲ್ಲ. ಸೋಮವಾರ ಬೇಲು, ಅಲ್ಲೀವರೆಗೆ..."

"ಅಲ್ಲೀವರೆಗೆ ಉಳಿಯಲ್ಲ. ಎಲ್ಲರೆದುರು ಇವನಿಗೆ ಎರಡು ಬಾರಿಸಿ."

"ಛೆ! ನಾನು ಕೈದಿಗಳ ಮೇಲೆ ಕೈ ಎತ್ತೋನಲ್ಲ."

ಸರಿ. ಹುಡುಗನನ್ನು ದರದರ ಎಳೆದುಕೊಂಡು ಬ್ಯಾರಕ್ಕಿನ ನಡುವೆ ನಿಲ್ಲಿಸಿದೆ. ಪಟಾರನೆ ಬಿಗಿದೆ! ತುಟಿ ಒಡೆಯಿತು. ಇನ್ನೊಂದು!

"ದಿನಾ ಟೀ ಕುಡಿದು ಒಂದು ಹೆಸರೂ ಬಾಯಿ ಬಿಡ್ಲಿಲ್ವಲ್ಲೋ! ನಿನ್ನಂಥ ಮೂಕನ್ನ ನಾನು ನೋಡೇ ಇಲ್ಲ!"

ಹುಡುಗ ಬಿಕ್ಕಿ ಬಿಕ್ಕಿ ಅತ್ತ. ಕೊಕ್ಕೆ ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಚಮಚ ಒಳಗಿಟ್ಟು, ಹುಡುಗನಿಗೆ ತನ್ನ ಪಕ್ಕದಲ್ಲೇ ಜಾಗ ಮಾಡಿಕೊಟ್ಟ.

ಕೈದಿಗೆ ಹೊಡೆದದ್ದಕ್ಕೆ ಜೈಲರ್ ನನ್ನನ್ನು ಜೈಲಿನಿಂದ ಆಚೆ ದಬ್ಬಿಸಿದರು.

ಸೋಮವಾರ ಅವನು ನಡೆದುಕೊಂಡೇ ಹೊರಗೆ ಬಂದ. ಗೇಟಿನ ಬಳಿ ಅಕ್ಕ ಅವನ ಬಾತುಕೊಂಡ ಮುಖ ಸವರಿದಳು.

"ಯಾರೋ ಹೊಡೆದಿದ್ದು?"

ಅವನು ನನ್ನತ್ತ ಬೆರಳು ತೋರಿಸಿದ.

"ನಿಮ್ಮನ್ನ ನಂಬಿದ್ನಲ್ಲಾ! ಆ ಜೈಲರೇ ಎಷ್ಟೋ ವಾಸಿ, ಅಣ್ಣಾ... ದೇವರಂಥೋರು!"

ಅವಳು ಹೇಳಿದ್ದೂ ಸುಳ್ಳಲ್ಲ. ಅಷ್ಟು ದಿನ ಆ ಜೈಲಿನಲ್ಲಿ ಅವಳ ತಮ್ಮನಿಗೆ ಹೊಡೆದವನು ನಾನೊಬ್ಬನೇ!