ಮೂರನೆಯ ಕೈ

“ಕಣ್ಣಾರೆ ನೋಡಿದವರು ಸಾಕ್ಷಿ. ನೋಡದೆಯೂ ನಂಬಿ ಜೊತೆಗೆ ಆಣೆ ಇಡುವವರು ಆಣೆಜೊತೆಗಾರರು. ನಮ್ಮ ಆಟದಲ್ಲಿ ಅಂಥ ಮೂವರು ಸಿಕ್ಕರೆ ಆರೋಪಿಗೆ ಬಿಡುಗಡೆ.”

ಸಫೊಕ್‌ನ ಆ ಹಳ್ಳಿಶಾಲೆಯ ಐದನೇ ತರಗತಿಗೆ ಬೆಳಿಗ್ಗೆ ಹಾಗೆ ಹೇಳಿಕೊಟ್ಟವಳು ಹಾನರ್ ಗ್ಯಾರಡ್. ಆಂಗ್ಲೋ-ಸ್ಯಾಕ್ಸನ್ ಕಾಲದ ನ್ಯಾಯ ಅದು. ಈಗ ಮಕ್ಕಳು ನೆಲದ ಮೇಲಿಟ್ಟ ಓಕ್ ಹಲಗೆಯ ಸುತ್ತ ಪಂಚಾಯ್ತಿ ಕೂತಿದ್ದರು.

ಮೂಲೆಯಲ್ಲಿ ರೂಬೆನ್ ಕೆರಿಜ್. ಮನೆಗಳ ಮಾಡಿಗೆ ಹುಲ್ಲು ಹೊದಿಸುವವನು. ಸ್ಯಾಕ್ಸನ್ ಮನೆ ಹೇಗಿತ್ತೆಂದು ತೋರಿಸಲು ಬಂದಿದ್ದ. ಕೂದಲಲ್ಲಿ ಒಂದು ಹುಲ್ಲಿನ ಎಳೆ. ಅದನ್ನು ತೆಗೆಯಲು ಹೊರಡುವ ಬೆರಳನ್ನು ಹಾನರ್ ಬೆಳಗಿನಿಂದ ಗದರಿಸಿಕೊಂಡು ಬಂದಿದ್ದಳು. ಮೂರಕ್ಕೆ ಶಾಲೆ ಬಿಡುವ ಬೆಲ್. ನಾಳೆ ಅವನು ಉತ್ತರದ ಊರಿಗೆ, ವರ್ಷದ ಕೆಲಸಕ್ಕೆ.

“ಯಾರ ಮೇಲಾದ್ರೂ ಆರೋಪ ಇದೆಯಾ?” ಹಾನರ್ ಮಕ್ಕಳನ್ನು ಕೇಳಿದಳು.

ಪಿಪ್ಪಾ ಎದ್ದಳು. “ಮಿಸ್ಟರ್ ಕೆರಿಜ್ ಮೇಲೆ! ಚರ್ಚಿನ ಸುಗ್ಗಿ ಊಟಕ್ಕೆ ಬರ್ತೀನಂತ ಮಿಸ್‌ಗೆ ಮಾತು ಕೊಟ್ಟು ಮರ್ತ್ರು. ಮಿಸ್ ಪಕ್ಕದ ಕುರ್ಚಿಗೆ ಕೋಟು ಹಾಕಿ ಕಾದ್ರು. ತಟ್ಟೇಲಿದ್ದ ಪೈ ತಣ್ಣಗಾಯ್ತು. ನಾನೇ ನೋಡಿದ್ದು.”

“ಪಿಪ್ಪಾ, ಕೂತ್ಕೋ.”

“ಆರೋಪ ಬಂದ್ರೆ ಕೇಳ್ಲೇಬೇಕು ಅಂದಿದ್ದು ನೀವೇ, ಮಿಸ್!”

ರೂಬೆನ್ ಎದ್ದು ಬಂದ. ಕಿವಿ ಕೆಂಪಾಗಿದ್ದವು. ಆಣೆಗೆಂದು ಮಂಡಿಯೂರಿ ಹಲಗೆಯ ಮೇಲೆ ಅಂಗೈ ಇಟ್ಟ.

“ನಾನು ಮರೀಲಿಲ್ಲ. ಬಾಗಿಲ ತನಕ ಬಂದಿದ್ದೆ. ಒಳಗೆ ಹಾಡು ನಡೀತಿತ್ತು. ಅಷ್ಟು ದನಿಯಲ್ಲಿ ಒಂದು ದನಿ ಗುರುತು ಸಿಕ್ತು. ಕೇಳ್ಬೇಕು ಅಂತಿದ್ದ ಮಾತು ಗಂಟಲಲ್ಲೇ ನಿಂತ್ಬಿಡ್ತು. ಹಿಂದಕ್ಕೆ ಹೋದೆ.”

“ಯಾರಾದ್ರೂ ನೋಡಿದ್ರಾ?” ಪಿಪ್ಪಾ ಕೇಳಿದಳು.

“ಯಾರೂ ಇಲ್ಲ.”

“ಪುಕ್ಕಲ!” ಹಿಂದಿನಿಂದ ಯಾರೋ ಕೂಗಿದರು.

“ಅದು ಬೇರೆ ಆರೋಪ. ಅದನ್ನ ಒಪ್ಕೋತೀನಿ.”

ನಗು ಎದ್ದಿತು. ಹಾನರ್ ನಗಲಿಲ್ಲ.

ಆಲ್ಫಿ ಓಡಿಬಂದು ಅವನ ಕೈಮೇಲೆ ಕೈಯಿಟ್ಟ. “ನಂಗೆ ಸುತ್ತಿಗೆ ಹೊಡೆಯೋಕೆ ಕೊಟ್ರಲ್ಲ, ಒಳ್ಳೇವ್ರು.” ಮರಿಯಮ್ ಎರಡನೆಯವಳು. “ಸುಳ್ಳು ಹೇಳೋರು ಇಷ್ಟು ಕೆಂಪಾಗಲ್ಲ.”

“ಎರಡು,” ಎಂದಳು ಪಿಪ್ಪಾ. “ಇನ್ನೊಬ್ರು?”

ಯಾರೂ ಏಳಲಿಲ್ಲ. ಮೂರಕ್ಕೆ ಒಂದೇ ನಿಮಿಷ. ರೂಬೆನ್ ಅವಳತ್ತ ನೋಡಲಿಲ್ಲ. ಬೇಡುವುದು ನ್ಯಾಯವಲ್ಲವೆಂಬಂತೆ ಹಲಗೆಯನ್ನೇ ನೋಡಿದ.

ಮರೆತನೆಂದುಕೊಂಡಿರುವುದು ಹಾನರ್‌ಗೆ ಸುಲಭವಾಗಿತ್ತು. ಮರೆತವನು ದೂರ ಹೋದರೆ ಅಳಬೇಕಾಗಿಲ್ಲ. ನಂಬಿದರೆ, ನಾಳೆಯಿಂದ ವರ್ಷವಿಡೀ ಎದೆಯ ಬಾಗಿಲು ತೆರೆದೇ ಇಡಬೇಕು.

ಅವಳು ಪುಸ್ತಕ ಕೆಳಗಿಟ್ಟಳು. ಮಂಡಿಯೂರಿದಳು. ಎರಡು ಪುಟ್ಟ ಕೈಗಳ ಮೇಲೆ ಅವಳ ಕೈ ಇಳಿಯಿತು.

“ನಾನು ನೋಡಿಲ್ಲ,” ಎಂದಳು. “ಆದ್ರೂ ಇವರ ಆಣೆ ಶುದ್ಧ. ಸುಳ್ಳಿಲ್ಲ.”

ಬೆಲ್ ಹೊಡೆಯಿತು. ಒಂದು ಮಗುವೂ ಕದಲಲಿಲ್ಲ.

“ಕೇಳ್ಬೇಕು ಅಂತಿದ್ದ ಮಾತೇನು?” ಪಿಪ್ಪಾ ಬಿಡಲಿಲ್ಲ.

ರೂಬೆನ್ ಈಗ ತಲೆಯೆತ್ತಿದ. ಉತ್ತರ ಪಿಪ್ಪಾಗೆ, ನೋಟ ಹಾನರ್‌ಗೆ. “ವರ್ಷ ಕಳೆದು ವಾಪಸ್ ಬರ್ತೀನಿ. ಕಾಯ್ತೀರಾ ಅಂತ.”

ಹಾನರ್ ಇನ್ನೊಂದು ಕೈಯಿಂದ ಅವನ ಕೂದಲಿನ ಹುಲ್ಲೆಳೆ ತೆಗೆದಳು.

“ಕೋಟು ಕುರ್ಚಿ ಮೇಲೇ ಇರುತ್ತೆ, ಮಿಸ್ಟರ್ ಕೆರಿಜ್. ಮುಂದಿನ ಸುಗ್ಗಿಗೆ ಬಾಗಿಲಲ್ಲೇ ನಿಂತ್ಬಿಡ್ಬೇಡಿ. ಒಳಗೆ ಬನ್ನಿ.”