ವೈನಿಯ ಪರವಾನಗಿ

"ಸೂಪರ್‌ವೈಸರ್ ಮೇಡಂ, ನಾ ಹೋಗ್ಲಿರಿ?"

ಇಪ್ಪತ್ಮೂರು ವರ್ಷದ ಚಂದ್ರಭಾಗಾ ಅಡುಗೆಮನೆಯ ಹೊಸ್ತಿಲಾಚೆ ನಿಂತು ಕೇಳಿದಳು. ಎಣ್ಣೆ ಹಚ್ಚಿ ಬಿಗಿದ ಜಡೆ, ಇಸ್ತ್ರಿಯ ಚೂಡಿದಾರ, ಕೈಯಲ್ಲಿ ಬುತ್ತಿಡಬ್ಬಿ. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಣ್ಣನ ಹೆಂಡತಿ, ವೈನಿ ರೂಪಾಲಿ ತಲೆಯೆತ್ತಲಿಲ್ಲ.

"ಇಲ್ಲ. ಪರವಾನಗಿ ಇಲ್ಲ."

ಚಂದ್ರಭಾಗಾ ಚಪ್ಪಲಿ ಬಿಚ್ಚಿದಳು, ಡಬ್ಬಿ ಕೆಳಗಿಟ್ಟಳು, ಕಸಬರಿಗೆ ತೆಗೆದುಕೊಂಡಳು. ಅಳಲಿಲ್ಲ. ಅಳುವಂಥದ್ದು ಏನೋ ನಡೆದಿದೆ ಎಂದು ಆಕೆಗೆ ಅನ್ನಿಸಲೂ ಇಲ್ಲ.

"ಏ ಚಂದ್ರಾ! ಬಸ್ ಹೊಂಟೈತಿ, ಓಡ!" ತಾಯಿ ಮುಕ್ತಾಬಾಯಿ ಸಗಣಿ ಕೈಯಲ್ಲೇ ಕೊಟ್ಟಿಗೆಯಿಂದ ಬಂದಳು. "ನಾ ಹೇಳಾಕತ್ತೀನಿ, ಹೋಗ!"

"ನೀ ಸೂಪರ್‌ವೈಸರ್ ಅಲ್ಲ, ಅವ್ವಾ."

ವಾಗದರಿಯಿಂದ ಅಕ್ಕಲಕೋಟದ ಬಸ್ಸು ಹೋಯಿತು...

ಚಂದ್ರಭಾಗಾಳ ತಲೆಗೆ ಒಂದು ಮಾತು ಹೊಗಬೇಕಾದರೆ ಹತ್ತಾರು ಸಲ ಹೇಳಿಸಬೇಕು. ಹೊಕ್ಕಿದ್ದು ಮತ್ತೆ ಹೊರಬರುವುದಿಲ್ಲ. ನಾಲ್ಕನೆಯ ಇಯತ್ತೆಗೇ ಸಾಲಿ ಆಕೆಯನ್ನು ಕೈಬಿಟ್ಟಿತ್ತು. ಈಗ ವರ್ಷದಿಂದ ಸೊಲ್ಲಾಪುರದ ಪ್ರಣಿತಾ ಮೇಡಂ ವಾರಕ್ಕೆರಡು ದಿನ ಅಕ್ಕಲಕೋಟಕ್ಕೆ ಬಂದು, ಇಂಥವರೇ ಆದ ಹತ್ತು ಮಂದಿಗೆ ಚಿತ್ರದ ಚೀಟಿ ತೋರಿಸಿ ಕಾರ್ಖಾನೆಯ ಮಾತು ಕಲಿಸುತ್ತಿದ್ದಳು. ಪಾಳಿ ಎಂದರೇನು, ಸುಟ್ಟಿ ಎಂದರೆ ಎಂಥ ರಜೆ, ಸೂಪರ್‌ವೈಸರ್ ಎಂದರೆ ಯಾರು, ಅವರ ಪರವಾನಗಿ ಇಲ್ಲದೆ ಜಾಗ ಬಿಟ್ಟರೆ ಏನಾಗುತ್ತದೆ. ಎಂಐಡಿಸಿ ಎಂಬ ಕೈಗಾರಿಕಾ ವಸಾಹತಿನ ಒಂದು ಟಾವೆಲ್ ಕಾರ್ಖಾನೆಯವರು ಒಂದು ದಿನ ಕೆಲಸ ಮಾಡಿಸಿ ನೋಡುತ್ತೇವೆ ಎಂದಿದ್ದರು. ಬಸ್ಸು ತಪ್ಪಿದ್ದು ಆ ದಿನವೇ. ಪಾಸಾದರೆ ಮಡಚುವ ಕೆಲಸ, ಹುಡುಗಿಯರ ವಸತಿಗೃಹದಲ್ಲಿ ಜಾಗ. ತನ್ನ ನಂತರ ಮಗಳು ಯಾರ ಕೈಯಲ್ಲಿ ಎಂಬ ಒಂದೇ ಪ್ರಶ್ನೆಯನ್ನು ಇಪ್ಪತ್ತು ವರ್ಷದಿಂದ ನುಂಗಿಕೊಂಡಿದ್ದ ಮುಕ್ತಾಬಾಯಿಗೆ ಸಿಕ್ಕ ಒಂದೇ ಉತ್ತರ ಅದು.

ತಪ್ಪು ಆಗಿದ್ದು ಮನೆಪಾಠದಲ್ಲಿ. ದಿನಕ್ಕೊಂದು ತಾಸು ಮನೆಯಲ್ಲೇ ಕಾರ್ಖಾನೆ ನಡೆಸಿರಿ, ಯಾರಾದರೂ ಸೂಪರ್‌ವೈಸರ್ ಆಗಿರಿ ಎಂದಿದ್ದಳು ಪ್ರಣಿತಾ. ಮುಕ್ತಾಬಾಯಿಗೆ ಚೀಟಿ ಓದಲು ಬಾರದು. ಮಗ ಸಿದ್ಧರಾಮನಿಗೆ ಮೊಬೈಲಿನಿಂದ ಪುರಸೊತ್ತಿಲ್ಲ. ಉಳಿದವಳು ರೂಪಾಲಿ. ಆಕೆಗೆ ಹುದ್ದೆ ಬಹಳ ಒಗ್ಗಿತು. ಒಂದು ತಾಸಿನ ಕಾರ್ಖಾನೆ ಹದಿನೈದೇ ದಿನದಲ್ಲಿ ಹದಿನಾಲ್ಕು ತಾಸಿನದಾಯಿತು.

"ಕಂಪನಿ ಚಲೋ ನಡ್ಯಾಕತ್ತೈತಿ ಬಿಡ," ಎಂದು ಸಿದ್ಧರಾಮ ನಗುತ್ತಿದ್ದ. ಅವನಿಗೆ ಚಹಾ ಕೂತಲ್ಲಿಗೇ ಬರುತ್ತಿತ್ತು.

ನಾಲ್ಕು ದಿನದ ಮೇಲೆ ಪ್ರಣಿತಾ ತಾನೇ ವಾಗದರಿಗೆ ಬಂದಳು. ಕಾರ್ಖಾನೆಯ ಮಾಲಕರನ್ನು ಬೇಡಿ ಇನ್ನೊಂದು ಸೋಮವಾರ ಪಡೆದಿದ್ದಳು, ಅದೇ ಕೊನೆಯದು. ಜಗುಲಿಯ ಮೇಲೆ ಚಂದ್ರಭಾಗಾಳ ಎದುರು ಕುಳಿತು ಹೇಳಿದಳು, "ನೋಡ ಚಂದ್ರಾ, ವೈನಿ ಖರೇ ಸೂಪರ್‌ವೈಸರ್ ಅಲ್ಲ. ಅದು ಆಟ ಇತ್ತು."

"ಆಟ ಅಂತ ನೀವು ಹೇಳಿದ್ದಿಲ್ಲರಿ. ಖರೇ ಅಂತ ತಿಳಕೊಂಡ ಮಾಡು ಅಂದಿದ್ರಿ."

ಪ್ರಣಿತಾ ಹಾಗೆಯೇ ಹೇಳಿದ್ದಳು. ಬಾಗಿಲಲ್ಲಿ ನಿಂತಿದ್ದ ರೂಪಾಲಿಯ ಕಡೆ ತಿರುಗಿದಳು.

"ನೀವರ ಹೇಳ್ರಿ ವೈನಿ, ಹೋಗು ಅಂತ. ಒಂದ ಮಾತು."

"ಯಾಕ ಹೇಳ್ಲಿ?" ರೂಪಾಲಿ ಸೆರಗಿಗೆ ಕೈ ಒರೆಸಿಕೊಂಡಳು. "ಅಲ್ಲಿ ಟಾವೆಲ್ ಮಡಚಾಕ ಮಂದಿ ಸಿಗ್ತಾರ. ಇಲ್ಲಿ? ಎರಡ ಕೂಸು, ನಾಕ ಎಮ್ಮಿ, ಮೂವತ್ತ ರೊಟ್ಟಿ... ನಿಮ್ಮ ಸಾಲ್ಯಾಗ ನನ್ನ ಸುಟ್ಟಿದು ಒಂದ ಚೀಟಿ ಐತೇನ್ರಿ? ಈ ಮನಿಗಿ ಬಂದು ಒಂಬತ್ತ ವರ್ಷ ಆತು, ತವರಿಗಿ ನಾಕ ದಿನ ಹೋಗಿಲ್ಲ ನಾನು!"

ಆಕೆ ಅತ್ತಳು. ಯಾರೂ ಸಮಾಧಾನ ಮಾಡಲಿಲ್ಲ. ಆಕೆ ಹೇಳಿದ್ದರಲ್ಲಿ ಸುಳ್ಳೂ ಇರಲಿಲ್ಲ. ಸಿದ್ಧರಾಮ ಮೊಬೈಲು ಮಗುಚಿಟ್ಟ. ಅವನ ಮಟ್ಟಿಗೆ ಅದು ದೊಡ್ಡದು.

ಆಗ ಮುಕ್ತಾಬಾಯಿ ಮಾತಾಡಿದಳು. ದನಿಯಲ್ಲಿ ಏರಿಲ್ಲ, ಇಳಿವಿಲ್ಲ.

"ನಮ್ಮಪ್ಪ ಸೊಲ್ಲಾಪುರದಾಗ ಗಿರಣಿಗಿ ಬದಲಿ ಇದ್ದ. ನಸುಕಿನ್ಯಾಗ ಗೇಟಿಗಿ ಹೋಗಿ ನಿಂದರತಿದ್ದ. ಯಾರರೆ ಸುಟ್ಟಿ ಹಾಕಿದ್ರ ಅವರ ಸಾಂಚಾ, ಅವರ ಮಗ್ಗದ ಮ್ಯಾಲ ಇವ. ಬದಲಿ ಬಂದ ಮ್ಯಾಲ ಸೂಪರ್‌ವೈಸರ್ ಮುಕಾದಮನೂ ಇಲ್ಲ ಅಂತಿದ್ದಿಲ್ಲ." ಮೊಳಕಾಲು ಹಿಡಿದು ಎದ್ದಳು. "ಚಂದ್ರಾನ ಜಾಗಾಕ ನಾ ನಿಂದರತೀನಿ. ರೊಟ್ಟಿ, ಭಾಂಡೆ, ಎಮ್ಮಿ, ಎಲ್ಲಾ. ಈಗ ಪರವಾನಗಿ ಕೊಡ್ತಿ?"

"ಅತ್ತೀ, ನಿಮ್ಮ ಮೊಳಕಾಲು..."

"ಮೊಳಕಾಲಿಗಿ ನಾ ಹೇಳ್ತೀನಿ. ನೀ ಆಕೀಗಿ ಹೇಳು."

ಪ್ರಣಿತಾ ಚೀಲದಿಂದ ಖಾಲಿ ಚೀಟಿಯೊಂದನ್ನು ತೆಗೆದು ಒಂದು ಬಾಗಿಲು ಬರೆದಳು. ಹೊರಗೆ ಹೋಗುವ ಹೆಣ್ಣು, ಒಳಗೆ ಬರುವ ಹೆಣ್ಣು. ಎರಡನೆಯದಕ್ಕೆ ತಲೆಯ ಮೇಲೆ ಸೆರಗು ಬರೆಯುವಾಗ ಪೆನ್ನು ಸ್ವಲ್ಪ ನಿಂತಿತು. "ಬದಲಿ," ಎಂದಳು. ಚಂದ್ರಭಾಗಾ ಚೀಟಿಯನ್ನು ನೋಡಿದಳು, ತಾಯಿಯನ್ನು ನೋಡಿದಳು. ಸಂಜೆಯವರೆಗೆ ಮೇಡಂ ಮೂವತ್ತು ಸಲವಾದರೂ ಹೇಳಿಸಿದ ಮೇಲೆ ಎದ್ದು ಅಡುಗೆಮನೆಯ ಬಾಗಿಲಿಗೆ ಹೋದಳು.

"ಸೂಪರ್‌ವೈಸರ್ ಮೇಡಂ, ನನ್ನ ಬದಲಿ ಬಂದಾಳ. ಸೋಮವಾರ ನಾ ಹೋಗ್ಲಿರಿ?"

ರೂಪಾಲಿ ಅತ್ತೆಯ ಕಡೆ ನೋಡಲಿಲ್ಲ. "ಹೋಗು," ಎಂದಳು.

ಚಂದ್ರಭಾಗಾ ಪಾಸಾದಳು. ಆಕೆ ಮಡಚಿದ ಟಾವೆಲುಗಳ ಅಂಚು ಒಂದಕ್ಕೊಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲವಂತೆ. ಮೂರು ವಾರದ ಮೇಲೆ ಸುಟ್ಟಿಗೆ ಊರಿಗೆ ಬಂದಾಗ ಮುಕ್ತಾಬಾಯಿ ಹಿತ್ತಲಲ್ಲಿ ಭಾಂಡೆ ತಿಕ್ಕುತ್ತಿದ್ದಳು. ಮೊಳಕಾಲಿಗೆ ಹಳೆಯ ಸೀರೆಯ ಪಟ್ಟಿ ಸುತ್ತಿತ್ತು. ಮಗಳು ಎದುರಿಗೆ ಕಲ್ಲಿನ ಮೇಲೆ ಕುಳಿತಳು.

"ಉಂಡಿಯೇನು?"

"ಉಂಡೆ. ಅವ್ವಾ, ಬದಲಿಗಿ ಸುಟ್ಟಿ ಯಾವಾಗ?"

ಮುಕ್ತಾಬಾಯಿ ಇನ್ನೊಂದು ಹಿಡಿ ಬೂದಿ ತೆಗೆದುಕೊಂಡಳು.

"ಮೇಡಂ ಕಲಿಸಿಲ್ಲೇನು?"

"ಇಲ್ಲ."

"ಹಾಂಗಾದ್ರ ಬಿಡು."

ಚಂದ್ರಭಾಗಾ ಬಿಟ್ಟಳು. ಸುಟ್ಟಿಯ ದಿನ ಕೆಲಸ ಮುಟ್ಟಬಾರದೆಂದು ಆಕೆಗೆ ಕಲಿಸಿದ್ದರು. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ತಾಯಿ ಕೊನೆಯ ಪಾತೇಲಿ ತೊಳೆದು ಕವುಚಿಡುವ ತನಕ ನೋಡುತ್ತ ಕುಳಿತಳು.